ತೊಗರಿ ನಿಂತಿತು, ನೂಲು ಹೋಯಿತು, ಚಪ್ಪಲಿ ಬರಲೇ ಇಲ್ಲ

ಕಲಬುರಗಿ ರೈಲ್ವೆ ಸ್ಟೇಷನ್ ಹೊರಗೆ ನಿಂತು ಆಟೋದವರಿಗೆ "ಎಂ.ಎಸ್.ಕೆ. ಮಿಲ್" ಅನ್ನಿ. ದಾರಿ ಹೇಳಬೇಕಾಗಿಲ್ಲ, ಸೀದಾ ಕರೆದುಕೊಂಡು ಹೋಗುತ್ತಾರೆ. ಇಳಿದು ನೋಡಿದರೆ ಮನೆಗಳಿವೆ, ಕಿರಾಣಿ ಅಂಗಡಿಗಳಿವೆ, ಬಡಾವಣೆಯ ಬೋರ್ಡಿದೆ. ಓಡುವ ನೂಲಿನ ಮಿಲ್ ಮಾತ್ರ ಇಲ್ಲ.

ಹೋದ ಬೇಸಿಗೆಗೆ ಬಂದಿದ್ದ ನನ್ನ ಅಣ್ಣನ ಮಗಳು ಅಲ್ಲಿ ಇಳಿದವಳೇ ಕೇಳಿದಳು: "ಕಾಕಾ, ಮಿಲ್ ಎಲ್ಲದ?"

"ಮುಚ್ಚಿ ಭಾಳ ವರ್ಷ ಆತು" ಅಂದೆ.

"ಯಾಕ ಮುಚ್ತು?"

"ನಷ್ಟ ಆತು" ಅಂದೆ. ಇದು ಉತ್ತರವೇ ಅಲ್ಲ ಅಂತ ನನಗೂ ಗೊತ್ತಿತ್ತು.

ಅದೇ ದಿನ ಸಂಜೆ ಸೂಪರ್ ಮಾರ್ಕೆಟ್ ಹತ್ತಿರ ನನ್ನ ಚಪ್ಪಲಿಯ ಅಟ್ಟೆ ಬಾಯಿ ಬಿಟ್ಟಿತು. ದೊಡ್ಡ ಕಂಪನಿಯ ಚಪ್ಪಲಿ, ಹೆಸರು ಬೇಡ. ತಗೊಂಡು ಆರು ತಿಂಗಳೂ ಆಗಿರಲಿಲ್ಲ. ಮೂಲೆಯಲ್ಲಿ ಛತ್ರಿ ಕಟ್ಟಿಕೊಂಡು ಕೂತಿದ್ದ ಅಜ್ಜ ಅದನ್ನು ಬಾಗಿಸಿ ನೋಡಿದ. "ಇದು ಹೊಲಿದಿದ್ದಲ್ಲ ಸರ, ಅಂಟಿಸಿದ್ದು. ನಮ್ಮ ಬಿಸಿಲಿಗೆ ಅಂಟು ಎಲ್ಲಿ ತಡಿತದ?" ಅಂದ. ಏಪ್ರಿಲ್, ಮೇದಲ್ಲಿ ನಮ್ಮಲ್ಲಿ 42, 43 ಡಿಗ್ರಿ ಮಾಮೂಲು. ಡಾಂಬರು ರಸ್ತೆ ಅದಕ್ಕಿಂತ ಜಾಸ್ತಿ ಕಾಯುತ್ತದೆ. ಅಂಟು ಮೆತ್ತಗಾಗುತ್ತದೆ, ಅಟ್ಟೆ ಜಾರುತ್ತದೆ. ಅಜ್ಜ ಮೂರು ಪಾದದ ಕಬ್ಬಿಣದ ಮೇಲೆ ಚಪ್ಪಲಿ ಕವುಚಿ, ಮೇಣ ಹಚ್ಚಿದ ದಾರ ಎಳೆದು ಹೊಲಿಯಲು ಶುರು ಮಾಡಿದ. ಹುಡುಗಿ ಎರಡನೇ ಪ್ರಶ್ನೆ ಎಸೆದಳು: "ಇಷ್ಟು ಚಂದ ಹೊಲಿಯೋರು ಇಲ್ಲೇ ಇದ್ದಾರ. ಮತ್ತ ನಮ್ಮೂರಾಗ ಬೂಟಿನ ಫ್ಯಾಕ್ಟರಿ ಯಾಕಿಲ್ಲ?"

ಅವಳ ಎರಡು ಪ್ರಶ್ನೆಗೆ ನಾನು ಮೂರನೆಯದನ್ನು ಸೇರಿಸುತ್ತೇನೆ. ನೂಲಿನ ಮಿಲ್ ಹೋಯಿತು, ಚಪ್ಪಲಿ ಫ್ಯಾಕ್ಟರಿ ಬರಲೇ ಇಲ್ಲ, ಆದರೆ ಅದೇ ಊರಿನಲ್ಲಿ ದಾಲ್ ಮಿಲ್‌ಗಳು ಮಾತ್ರ ಹೇಗೆ ನಿಂತವು?

ಇದಕ್ಕೆಲ್ಲ ಒಂದು ಸರಳ ಲೆಕ್ಕ ಇದೆ, ತೂಕದ ಲೆಕ್ಕ. ಕಚ್ಚಾ ಮಾಲು ಮಿಲ್ಲಿಗೆ ಹೋಗಿ ಹೊರಗೆ ಬರುವಾಗ ಎಷ್ಟು ಹಗುರಾಗುತ್ತದೆ ಅನ್ನೋದು. ಜಾಸ್ತಿ ಹಗುರಾಗುವ ಮಾಲಾದರೆ ಮಿಲ್ ಹೊಲದ ಹತ್ತಿರ ಇರಬೇಕು, ಇಲ್ಲದಿದ್ದರೆ ಕಸಕ್ಕೂ ಲಾರಿ ಬಾಡಿಗೆ ಕೊಟ್ಟ ಹಾಗೆ. ಹಗುರಾಗದ ಮಾಲಾದರೆ ಮಿಲ್ ಎಲ್ಲಿದ್ದರೂ ನಡೆಯುತ್ತದೆ.

ನಮ್ಮ ಕಡೆ ಇದನ್ನು ಕಣ್ಣಾರೆ ನೋಡಬಹುದು. ನೂರು ಕಿಲೋ ಕಬ್ಬು ಅರೆದರೆ ಸಿಗುವುದು ಹತ್ತು ಕಿಲೋ ಆಸುಪಾಸು ಸಕ್ಕರೆ. ಅದೂ ಕಡಿದ ಕಬ್ಬು ಬೇಗ ಅರೆಯಬೇಕು, ಇಲ್ಲದಿದ್ದರೆ ರಸದ ಸಿಹಿ ಇಳಿಯುತ್ತದೆ. ಹಾಗಾಗಿ ಬೀದರ್ ಜಿಲ್ಲೆಯ ಹಳ್ಳಿಖೇಡ, ಭಾಲ್ಕಿ ಕಡೆ ಸಕ್ಕರೆ ಕಾರ್ಖಾನೆಗಳನ್ನು ಕಬ್ಬಿನ ನಡುವೆಯೇ ಕಟ್ಟಿದರು. ಒಂದು ಟನ್ ಸಿಮೆಂಟ್ ಕ್ಲಿಂಕರಿಗೆ ಒಂದೂವರೆ ಟನ್ ಸುಣ್ಣದಕಲ್ಲು ಬೇಕು. ಅದಕ್ಕೇ ಶಹಾಬಾದ್, ವಾಡಿ, ಮಳಖೇಡ, ಸೇಡಂನಲ್ಲಿ ಸಿಮೆಂಟ್ ಚಿಮಣಿಗಳು. ಕಲ್ಲನ್ನು ಹೊತ್ತು ಬೆಂಗಳೂರಿಗೆ ಹೋಗಿ ಸುಡುವವರು ಯಾರೂ ಇಲ್ಲ.

ಈಗ ಹತ್ತಿಗೆ ಬರೋಣ. ಹೊಲದಿಂದ ಬಿಡಿಸಿ ತಂದ ಹತ್ತಿಯಲ್ಲಿ ಕಾಳು ಇರುತ್ತದೆ. ಜಿನ್ನಿಂಗ್ ಮಿಲ್ಲಿನಲ್ಲಿ ಕಾಳು ಬೇರೆ, ಅರಳೆ ಬೇರೆ ಮಾಡುತ್ತಾರೆ. ನೂರು ಕಿಲೋ ಹತ್ತಿಗೆ ಅರಳೆ ಸುಮಾರು ಮೂರನೇ ಒಂದು ಭಾಗ. ಉಳಿದದ್ದು ಕಾಳು, ಎಣ್ಣೆಗೆ ಮತ್ತು ದನದ ಹಿಂಡಿಗೆ ಹೋಗುತ್ತದೆ. ಹಾಗಾಗಿ ಜಿನ್ನಿಂಗ್ ಹೊಲ ಬಿಟ್ಟು ದೂರ ಹೋಗುವುದಿಲ್ಲ. ಯಾದಗಿರಿ, ಶಹಾಪುರ ಕಡೆ ಸುಗ್ಗಿಯಲ್ಲಿ ಹೋದರೆ ಜಿನ್ನುಗಳ ಮುಂದೆ ಹತ್ತಿ ತುಂಬಿದ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿರುತ್ತವೆ. ಆದರೆ ಅರಳೆ ಆದ ಮೇಲೆ ಕಥೆಯೇ ಬೇರೆ. ಅದನ್ನು ಒತ್ತಿ ಬೇಲು ಕಟ್ಟಿದರೆ ಎಲ್ಲಿಗೆ ಬೇಕಾದರೂ ಕಳಿಸಬಹುದು. ನೂಲಾಗುವಾಗ ನೂರಕ್ಕೆ ಹತ್ತಿಪ್ಪತ್ತು ಪಾಲು ಕಸ ಹೋದರೆ ಹೆಚ್ಚು. ಬಟ್ಟೆಯ ತೂಕ ಹೆಚ್ಚುಕಮ್ಮಿ ನೂಲಿನ ತೂಕವೇ. ಅಂದರೆ ನೂಲಿನ ಮಿಲ್ಲಿಗೆ ಕಲಬುರಗಿಯೇ ಬೇಕು ಅಂತ ಏನೂ ಇಲ್ಲ. ಮುಂಬೈ ಆದರೂ ಸರಿ, ಕೊಯಮತ್ತೂರಾದರೂ ಸರಿ.

ಹಾಗಾದರೆ 1880ರ ದಶಕದಲ್ಲಿ ಅದು ಇಲ್ಲಿಗೆ ಬಂದದ್ದಾದರೂ ಯಾಕೆ?

ಮೊದಲು ಹೆಸರು. ಎಂ.ಎಸ್.ಕೆ. ಅಂದರೆ ಮಹಬೂಬ್ ಶಾಹಿ ಕುಲ್ಬರ್ಗಾ. ಮಹಬೂಬ್ ಅಂದರೆ ಆರನೇ ನಿಜಾಮ ಮೀರ್ ಮಹಬೂಬ್ ಅಲಿ ಖಾನ್. ಕುಲ್ಬರ್ಗಾ ಅಂದರೆ ಗುಲ್ಬರ್ಗಾ ಹೆಸರಿನ ಹಳೇ ರೂಪ. ಊರಿನ ಹೆಸರು 2014ರಲ್ಲಿ ಕಲಬುರಗಿ ಆಯಿತು, ಮಿಲ್ಲಿನ ಹೆಸರಿನೊಳಗೆ ಹಳೇ ಕುಲ್ಬರ್ಗಾ ಹಾಗೇ ಕೂತಿದೆ. ಮಿಲ್ಲಿಗೆ ದೊರೆ ಮನೆತನದ ಹೆಸರಿಡುವುದು ಹೈದರಾಬಾದ್ ಸಂಸ್ಥಾನದ ರೂಢಿ. ನಾಂದೇಡಿನದು ಉಸ್ಮಾನ್ ಶಾಹಿ, ವಾರಂಗಲ್ಲಿನದು ಆಜಂ ಜಾಹಿ. ಆ ಎರಡೂ ಆಮೇಲೆ ಬಂದವು. ಅವಕ್ಕೂ ಮೊದಲು ಸಂಸ್ಥಾನದಲ್ಲಿ ಇದ್ದ ದೊಡ್ಡ ನೂಲು-ನೇಯ್ಗೆ ಮಿಲ್ಲುಗಳು ಹೈದರಾಬಾದ್, ಔರಂಗಾಬಾದ್ ಮತ್ತು ನಮ್ಮೂರಲ್ಲಿ.

ನಮ್ಮೂರಿಗೆ ಆ ಮಾನ ಸಿಕ್ಕಿದ್ದು ರೈಲಿನಿಂದ. ಮುಂಬೈ ಕಡೆಯಿಂದ ಬಂದ ಹಳಿ ಮತ್ತು ಮದ್ರಾಸ್ ಕಡೆಯಿಂದ ಬಂದ ಹಳಿ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಕಲಬುರಗಿ ಆ ದಾರಿಯ ಮೇಲೆ ಬಂತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಹಳಿ ಶುರುವಾಯಿತು. ಸಿಂಗರೇಣಿಯ ಕಲ್ಲಿದ್ದಲು 1880ರ ದಶಕದ ಕೊನೆಯ ಹೊತ್ತಿಗೆ ರೈಲಿನ ಹಾದಿಗೆ ಬಂತು. ಅದಕ್ಕೂ ಮೊದಲು, 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ, ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಹೋಗದೆ ನಮ್ಮ ದಖನ್ನಿನ ಹತ್ತಿಗೆ ಬೆಲೆ ಏರಿತ್ತು. ಎರೆ ಹೊಲದವರಿಗೆ ಹತ್ತಿ ಅಂದರೆ ನಗದು ಅಂತ ಗೊತ್ತಾಗಿತ್ತು. 1877ರಲ್ಲಿ ಪಕ್ಕದ ಸೊಲ್ಲಾಪುರದಲ್ಲಿ ಮಿಲ್ ಶುರುವಾಯಿತು. ರೈಲಿನಲ್ಲಿ ಎರಡು ತಾಸಿನ ಊರು. ಅಲ್ಲಿ ಆಗುವುದು ಇಲ್ಲಿ ಯಾಕಾಗಬಾರದು ಅಂತ ಸಂಸ್ಥಾನದವರಿಗೆ ಅನಿಸಿದ್ದರಲ್ಲಿ ಆಶ್ಚರ್ಯ ಇಲ್ಲ. ಹತ್ತಿ ಇತ್ತು, ಕಲ್ಲಿದ್ದಲು ತರಲು ರೈಲಿತ್ತು, ಕಡಿಮೆ ಕೂಲಿಗೆ ಆಳು ಸಿಗುತ್ತಿದ್ದರು. ಊರೂರಲ್ಲಿ ಕೈಮಗ್ಗದವರು ನೂಲು ಕೊಳ್ಳಲು ಕಾಯುತ್ತಿದ್ದರು. ತಲೆ ಮೇಲೆ ದೊರೆಯ ಕೈ ಇತ್ತು.

ಅಂಥ ಮಿಲ್ಲಿನ ಒಳಗೆ ಕೆಲಸ ಹೇಗೆ ಸಾಗುತ್ತದೆ ಅಂತ ಹುಡುಗಿಗೆ ಹೀಗೆ ಹೇಳಿದೆ. ಬೇಲು ಒಡೆದು ಅರಳೆಯನ್ನು ಬಡಿದು ಕಸ, ಧೂಳು ತೆಗೀತಾರೆ. ಹಿಂಜಿ ಹಂಜಿ ಮಾಡುತ್ತಾರೆ. ಹಂಜಿಯನ್ನು ಎಳೆದು, ಹುರಿ ಕೊಟ್ಟು ನೂಲು ತೆಗೀತಾರೆ. ಹಾಸಿನ, ಅಂದರೆ ಉದ್ದಕ್ಕೆ ಬರುವ, ನೂಲಿಗೆ ಗಂಜಿ ಕುಡಿಸುತ್ತಾರೆ, ಇಲ್ಲದಿದ್ದರೆ ಮಗ್ಗದ ಉಜ್ಜಾಟಕ್ಕೆ ಎಳೆ ಹರಿಯುತ್ತದೆ. ಆಮೇಲೆ ಹಾಸಿನ ನಡುವೆ ಹೊಕ್ಕು, ಅಂದರೆ ಅಡ್ಡ ನೂಲು, ಓಡಿಸಿ ಬಟ್ಟೆ. ನಮ್ಮಜ್ಜಿ ಚರಕ, ಮಗ್ಗದ ಬಗ್ಗೆ ಹೇಳುತ್ತಿದ್ದುದೂ ಇದೇ. ಮಿಲ್ಲಿನಲ್ಲಿ ಅದು ಒಂದೇ ಸೂರಿನಡಿ, ಪಾಳಿ ಮೇಲೆ, ಭೋಂಗಾ (ಸೈರನ್) ಕೂಗಿನ ಮೇಲೆ ನಡೆಯುತ್ತದೆ. ವ್ಯತ್ಯಾಸ ಅಷ್ಟೇ ಅಂದರೆ ಅಷ್ಟೇ, ದೊಡ್ಡದು ಅಂದರೆ ದೊಡ್ಡದು.

ಇನ್ನು ಹೋದದ್ದು ಹೇಗೆ? 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. ದೊರೆಯ ಕೈ ತಲೆ ಮೇಲಿಂದ ಹೋಯಿತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. ಹಿಂದೆ ಹೈದರಾಬಾದ್ ಕಡೆ ಮುಖ ಮಾಡಿದ್ದ ಊರು ಈಗ ಬೆಂಗಳೂರು ಕಡೆ ತಿರುಗಬೇಕಾಯಿತು. ಅದೇ 1956ರಲ್ಲಿ ದೆಹಲಿ ಇನ್ನೊಂದು ತೀರ್ಮಾನ ಮಾಡಿತು. ಕೈಮಗ್ಗ ಉಳಿಯಲಿ ಅಂತ ದೊಡ್ಡ ಮಿಲ್ಲುಗಳ ಮಗ್ಗದ ಸಂಖ್ಯೆ ಹೆಚ್ಚದಂತೆ ತಡೆ ಹಾಕಿತು. ಉದ್ದೇಶ ಒಳ್ಳೆಯದೇ. ಆದರೆ ಲಾಭ ಆದದ್ದು ಕೈಮಗ್ಗಕ್ಕಲ್ಲ, ಪವರ್‌ಲೂಮಿಗೆ. ಮನೆ ಹಿಂದಿನ ಶೆಡ್ಡಿನಲ್ಲಿ ನಾಲ್ಕೋ ಎಂಟೋ ಮಗ್ಗ ಹಾಕಿಕೊಂಡವರಿಗೆ ತೆರಿಗೆಯ ಭಾರ ಕಡಿಮೆ, ಪಾಳಿಯ ಕಾಯಿದೆ ಕಡಿಮೆ, ಕೂಲಿಯೂ ಕಡಿಮೆ. ಮಿಲ್ ಎಲ್ಲವನ್ನೂ ಲೆಕ್ಕ ಇಟ್ಟು ಕಟ್ಟಬೇಕು. ಒಂದೇ ಬಟ್ಟೆ, ಎರಡು ಬೆಲೆ. ಗಿರಾಕಿ ಎಲ್ಲಿಗೆ ಹೋಗುತ್ತಾನೆ, ಹೇಳಿ.

ಮಿಲ್ಲಿನ ಲಾಭದಲ್ಲಿ ಒಂದಿಷ್ಟನ್ನು ವರ್ಷ ವರ್ಷ ಹೊಸ ಯಂತ್ರಕ್ಕೆ ಹಾಕುತ್ತಿರಬೇಕು. ಮಗ್ಗ ಹೆಚ್ಚಿಸಲು ಬಿಡದ ಮೇಲೆ ಮಾಲೀಕನಿಗೆ ಆ ಉಮೇದು ಎಲ್ಲಿಂದ ಬರಬೇಕು? ದೇಶದ ತುಂಬ ಹಳೇ ಮಿಲ್ಲುಗಳು ಹಳೇ ಯಂತ್ರದಲ್ಲೇ ಕೆಮ್ಮುತ್ತಾ ಓಡಿದವು. 1974ರಲ್ಲಿ ಕೇಂದ್ರ ಸರ್ಕಾರ ಕಾಯಿದೆ ಮಾಡಿ 103 ನಷ್ಟದ ಮಿಲ್ಲುಗಳನ್ನು ತನ್ನದಾಗಿಸಿಕೊಂಡು ರಾಷ್ಟ್ರೀಯ ಜವಳಿ ನಿಗಮದ ಕೈಗಿಟ್ಟಿತು. ಎಂ.ಎಸ್.ಕೆ. ಕೂಡ ನಿಗಮದ ಪಾಲಾಯಿತು. ಆದರೆ ಮಾಲೀಕ ಬದಲಾದ ಮಾತ್ರಕ್ಕೆ ಯಂತ್ರಕ್ಕೆ ಹರೆಯ ಬರುವುದಿಲ್ಲ. ನಷ್ಟ ತುಂಬುವುದಕ್ಕೇ ದುಡ್ಡು ಹೋಯಿತು. ಆಮೇಲೆ ಸ್ವಯಂ ನಿವೃತ್ತಿ ಕೊಟ್ಟು ನಿಗಮದ ಹತ್ತಾರು ಮಿಲ್ಲುಗಳನ್ನು ಮುಚ್ಚಿದರು, ನಮ್ಮದೂ ಆ ಸಾಲಿನಲ್ಲೇ ಹೋಯಿತು. ಕೆಲವರು ಕೆಲಸಗಾರರ ಗಲಾಟೆಯೇ ಕಾರಣ ಅನ್ನುತ್ತಾರೆ. ನನಗೆ ಅದು ಸುಮ್ನೆ ಸುಲಭದ ಉತ್ತರ ಅನಿಸುತ್ತದೆ. ಗಲಾಟೆ ಇಲ್ಲದ ಕಡೆಯೂ ಇಂಥ ಮಿಲ್ಲುಗಳು ಮುಚ್ಚಿವೆ.

ಮತ್ತೆ ತೂಕದ ಲೆಕ್ಕಕ್ಕೆ ಬನ್ನಿ. ನೂಲಿನ ಮಿಲ್ಲನ್ನು ಇಲ್ಲಿ ಹಿಡಿದಿಟ್ಟದ್ದು ರೈಲು ಮತ್ತು ದೊರೆ. ರೈಲು ಎಲ್ಲ ಊರಿಗೂ ಬಂತು, ದೊರೆ ಹೋದ. ಹಗ್ಗ ಎರಡೂ ಕಡೆ ಸಡಿಲಾಯಿತು.

ದಾಲ್ ಮಿಲ್ಲಿನ ಹಗ್ಗ ಬೇರೆ.

ಹುಮನಾಬಾದ್ ರಸ್ತೆಯ ಕಪನೂರು ಕೈಗಾರಿಕಾ ಪ್ರದೇಶಕ್ಕೆ ಹುಡುಗಿಯನ್ನು ಕರೆದುಕೊಂಡು ಹೋದೆ. ಗೇಟಿನ ಒಳಗೆ ಕಾಲಿಟ್ಟರೆ ಮೊದಲು ಮೂಗಿಗೆ ಹೊಡೆಯುವುದು ಎಣ್ಣೆ ಹಚ್ಚಿದ ತೊಗರಿಯ ವಾಸನೆ. ಆಮೇಲೆ ಧೂಳು. ಅಂಗಳದ ತುಂಬ ಕಾಳು ಹರಡಿತ್ತು. ಇಬ್ಬರು ಹೆಣ್ಣುಮಕ್ಕಳು ಬರಿಗಾಲಲ್ಲಿ ಅದರ ಮೇಲೆ ನಡೆಯುತ್ತಾ, ಕಾಲಿನಿಂದಲೇ ಸಾಲು ಎಳೆಯುತ್ತಾ, ಕಾಳು ಮಗುಚುತ್ತಿದ್ದರು. ಅಷ್ಟೆಲ್ಲ ಯಂತ್ರ ಇರುವ ಮಿಲ್ಲಿಗೆ ಬಿಸಿಲು ಯಾಕೆ ಬೇಕು ಅಂತ ಹುಡುಗಿಗೆ ಸೋಜಿಗ.

ಕಾರಣ ತೊಗರಿಯ ಸ್ವಭಾವ. ಕಡಲೆಕಾಳಿನ ಸಿಪ್ಪೆ ಸುಲಭಕ್ಕೆ ಬಿಡುತ್ತದೆ. ತೊಗರಿಯದು ಬಿಡುವುದಿಲ್ಲ. ಸಿಪ್ಪೆಗೂ ಬೇಳೆಗೂ ನಡುವೆ ಒಂದು ತೆಳು ಅಂಟಿನ ಪದರ ಇದೆ. ಹಸಿ ಇದ್ದಾಗ ಅದು ಅಂಟು, ಒಣಗಿದಾಗ ಬಡಗಿಯ ಸರೇಸಿನ ಹಾಗೆ ಗಟ್ಟಿ. ಬಲವಂತವಾಗಿ ಉಜ್ಜಿದರೆ ಸಿಪ್ಪೆಯ ಜೊತೆ ಬೇಳೆಯೂ ಪುಡಿಯಾಗುತ್ತದೆ. ಹಿಂದೆ ಮನೆಯಲ್ಲಿ ಇದಕ್ಕೆ ಉಪಾಯ ಇತ್ತು. ತೊಗರಿ ನೆನೆಸಿ, ಕೆಮ್ಮಣ್ಣು ಕಲಸಿ, ಒಂದು ರಾತ್ರಿ ಗುಡ್ಡೆ ಹಾಕಿ, ಒಣಗಿಸಿ, ಮಣ್ಣು ಜರಡಿ ಹಿಡಿದು, ಬೀಸುಕಲ್ಲಿಗೆ ಹಾಕುತ್ತಿದ್ದರು. ಆ ಬೇಳೆಯ ನಡುವೆ ಸಣ್ಣ ಕುಳಿ ಬೀಳುತ್ತದೆ. ಬೇಯಲು ಹೊತ್ತು ಹಿಡಿಯುತ್ತದೆ, ರುಚಿ ಮಾತ್ರ ಬೇರೆ.

ಮಿಲ್ಲಿನವರು ಮಣ್ಣಿನ ಬದಲು ಎಣ್ಣೆ ಹಿಡಿದರು. ಮೊದಲು ಕಲ್ಲು, ಕಡ್ಡಿ ತೆಗೆದು ಕಾಳನ್ನು ಗಾತ್ರದ ಪ್ರಕಾರ ಬೇರೆ ಮಾಡುತ್ತಾರೆ. ಒರಟು ರೋಲಿನಲ್ಲಿ ಹಾಯಿಸಿ ಸಿಪ್ಪೆಗೆ ಗೀರು ಹಾಕುತ್ತಾರೆ. ಗೀರಿನಿಂದ ಎಣ್ಣೆ ಒಳಗೆ ಇಳಿಯುತ್ತದೆ. ರಾತ್ರಿಯೆಲ್ಲ ಗುಡ್ಡೆ, ಹಗಲೆಲ್ಲ ಬಿಸಿಲು, ಹೀಗೆ ಎರಡು ಮೂರು ದಿನ. ಸಿಪ್ಪೆ ಹಿಗ್ಗಿ ಕುಗ್ಗಿ ಸಡಿಲಾಗುತ್ತದೆ. ಆಮೇಲೆ ಮತ್ತೆ ರೋಲು. ಸಿಪ್ಪೆ ಹೋಗಿ ಇಡಿಯಾಗಿ ಉಳಿದ ಕಾಳಿಗೆ ಗೋಟಾ ಅನ್ನುತ್ತಾರೆ. ಅದಕ್ಕೆ ನೀರು ಚಿಮುಕಿಸಿ ಒಣಗಿಸಿ ಒಡೆದರೆ ಬೇಳೆ. ಅಂಚು ಮುರಿಯದ, ಹೊಳೆಯುವ ಬೇಳೆ ಫಟ್ಕಾ, ಅದಕ್ಕೆ ಮೇಲಿನ ಬೆಲೆ.

ಒಂದು ಕ್ವಿಂಟಲ್ ತೊಗರಿಗೆ 70ರಿಂದ 75 ಕಿಲೋ ಬೇಳೆ ಬಂದರೆ ಮಿಲ್ಲಿನವನು ಖುಷಿ. ಉಳಿದದ್ದು ಹೊಟ್ಟು, ನುಚ್ಚು, ಪುಡಿ. ಈ ಪುಡಿಗೆ ಚುನ್ನಿ ಅಂತ ಹೆಸರು. ಚುನ್ನಿ, ಹೊಟ್ಟು ಎರಡೂ ದನಕ್ಕೆ. ಎಮ್ಮೆ ಕಟ್ಟಿದವರು ಮಿಲ್ಲಿನ ಬಾಗಿಲಿಗೇ ಬಂದು ಒಯ್ಯುತ್ತಾರೆ. ಮಿಲ್ಲಿನವರೊಬ್ಬರು ಹೇಳಿದ್ದು ನನಗೆ ಇಷ್ಟ ಆಯಿತು: "ಬೇಳ್ಯಾಗ ಸುದ್ದಿ, ಚುನ್ನ್ಯಾಗ ರೊಕ್ಕ." ಅಂದರೆ ಬೇಳೆಯ ಪೈಪೋಟಿಯಲ್ಲಿ ಲಾಭ ತೆಳ್ಳಗಿದ್ದಾಗ ಚುನ್ನಿಯೇ ಮನೆ ನಡೆಸುತ್ತದೆ. ಕಾಲು ಭಾಗ ತೂಕ ಇಲ್ಲೇ ಉಳಿಯುತ್ತದೆ, ಆ ಕಾಲು ಭಾಗಕ್ಕೆ ಇಲ್ಲೇ ಗಿರಾಕಿ ಇದ್ದಾರೆ, ಬಿಸಿಲಂತೂ ಪುಕ್ಕಟೆ. ದಾಲ್ ಮಿಲ್ಲನ್ನು ಊರಿಗೆ ಕಟ್ಟಿಹಾಕಿದ ಹಗ್ಗ ಇದು.

ಕಾಳೂ ಇಲ್ಲಿಯದೇ. ಜೇವರ್ಗಿ, ಆಳಂದ, ಚಿತ್ತಾಪುರ, ಸೇಡಂ ಎಲ್ಲಿ ಹೋದರೂ ಎರೆಯಲ್ಲಿ ತೊಗರಿ. ಮಳೆಗಾಲದ ಶುರುವಿಗೆ ಬಿತ್ತಿ ಡಿಸೆಂಬರ್, ಜನವರಿಗೆ ರಾಶಿ. 1980ರ ದಶಕದಲ್ಲಿ ಬಂದ ಮಾರುತಿ ತಳಿ ಸೊರಗು ರೋಗ ತಡೆದುಕೊಂಡಿತು, ರೈತರು ಅದನ್ನು ಹಿಡಿದರು. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿತು. ಸುಣ್ಣದ ಅಂಶ ಇರುವ ಮಣ್ಣಿನಲ್ಲಿ ಬೆಳೆದ ಕಾಳು ಅನ್ನೋದು ಅದರ ಹೆಗ್ಗಳಿಕೆ.

ಆದರೆ ಈ ಹಗ್ಗವನ್ನೂ ಯಾರೋ ಕೊಯ್ಯುತ್ತಿದ್ದಾರೆ. 2016ರಲ್ಲಿ ಭಾರತ ಮೊಜಾಂಬಿಕ್ ಜೊತೆ ತೊಗರಿ ತರಿಸುವ ಒಪ್ಪಂದ ಮಾಡಿಕೊಂಡಿತು. 2021ರಿಂದ ಆಮದು ಇನ್ನೂ ಸಡಿಲಾಯಿತು. ಮ್ಯಾನ್ಮಾರ್, ತಾಂಜಾನಿಯಾದಿಂದಲೂ ಬರುತ್ತದೆ. ಕಾಳು ಹಡಗಿನಲ್ಲಿ ಬಂದರೆ ತೂಕದ ಲೆಕ್ಕ ತಲೆಕೆಳಗು. ಆಗ ಬಂದರಿನ ಹತ್ತಿರದ ಮಿಲ್ಲಿಗೆ ಲಾಭ, ಕಪನೂರಿಗಲ್ಲ. ಊರಿನ ಕಾಳಿನ ಮಾರುಕಟ್ಟೆ ನೆಹರು ಗಂಜ್‌ನಲ್ಲಿ ರೈತ ದರ ಬಿದ್ದಿದೆ ಅಂತ ಬೈಯುವ ದಿನವೇ ಮಿಲ್ಲಿನವನೂ ಬೇರೆ ಕಾರಣಕ್ಕೆ ಬೈಯುತ್ತಿರುತ್ತಾನೆ.

ಇಲ್ಲಿಗೆ ನೂಲು, ತೊಗರಿ ಎರಡೂ ತೂಕದ ಲೆಕ್ಕಕ್ಕೆ ಹೊಂದಿಕೊಂಡವು. ಈಗ ಚರ್ಮ ಹಿಡಿಯಿರಿ. ನೂರು ಕಿಲೋ ಹಸಿ ತೊಗಲು ಹದ ಮಾಡಿದರೆ ಸಿಗುವ ಚರ್ಮ ಇಪ್ಪತ್ತು, ಇಪ್ಪತ್ತೈದು ಕಿಲೋ. ತೊಗರಿಗಿಂತ ಎಷ್ಟೋ ಪಾಲು ಜಾಸ್ತಿ ಕಳೆದುಹೋಗುತ್ತದೆ. ಜೊತೆಗೆ ತೊಗಲು ಕೊಳೆಯುತ್ತದೆ. ಲೆಕ್ಕದ ಪ್ರಕಾರ ಅದು ಇಲ್ಲೇ ಹದವಾಗಿ, ಇಲ್ಲೇ ಚಪ್ಪಲಿಯಾಗಿ ಹೋಗಬೇಕಿತ್ತು. ದನಕರುಗಳಿಗೆ ಕೊರತೆ ಇಲ್ಲದ ನಾಡು. ಹದಕ್ಕೆ ಬೇಕಾದ ಜಾಲಿ ತೊಗಟೆ ಹೊಲದ ಬದುವಿನಲ್ಲೇ ಇದೆ. ಕೈಚಳಕವಂತೂ ಎಂಟುನೂರು ವರ್ಷದ ಹಿಂದಿನದು.

ಸುಮ್ನೆ ಹೇಳುತ್ತಿಲ್ಲ. ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ ಇವತ್ತಿಗೂ ಹರಳಯ್ಯನ ಗವಿ ಇದೆ. 12ನೇ ಶತಮಾನದ ಸಮಗಾರ ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನಿಗೆ ಪಾದರಕ್ಷೆ ಹೊಲಿದ ಕಥೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಚರ್ಮ ಹದ ಮಾಡುವ ಡೋಹರ ಕಕ್ಕಯ್ಯನೂ ಶರಣನೇ. ಹರಳಯ್ಯನ ಮಗನಿಗೂ ಬ್ರಾಹ್ಮಣನಾಗಿದ್ದ ಮಧುವರಸನ ಮಗಳಿಗೂ ಮದುವೆ ಆದದ್ದಕ್ಕೆ ಕಲ್ಯಾಣವೇ ಹೊತ್ತಿ ಉರಿಯಿತು. ಚಪ್ಪಲಿ ಹೊಲಿಯುವವನ ಮನೆಗೆ ಹೆಣ್ಣು ಕೊಟ್ಟದ್ದಕ್ಕೆ ಆದ ಗತಿ ಅದು. ಈ ಸಂಗತಿಯನ್ನು ನೆನಪಿನಲ್ಲಿಡಿ, ಕಾರ್ಖಾನೆ ಯಾಕೆ ಬರಲಿಲ್ಲ ಅನ್ನೋದಕ್ಕೂ ಇದಕ್ಕೂ ನಂಟಿದೆ.

ಹಳ್ಳಿಯಲ್ಲಿ ಚರ್ಮದ ಕೆಲಸ ನಡೆಯುತ್ತಿದ್ದುದು ಆಯದ ಲೆಕ್ಕದಲ್ಲಿ. ವರ್ಷವೆಲ್ಲ ರೈತನಿಗೆ ಕೆರವು, ಬಾರುಕೋಲು, ಎತ್ತಿನ ಮಿಣಿ, ಬಾವಿಯಿಂದ ನೀರೆತ್ತುವ ಕಪಿಲೆಯ ಚರ್ಮದ ಬಾನಿ ಮಾಡಿಕೊಡಬೇಕು. ಸುಗ್ಗಿಯಲ್ಲಿ ರಾಶಿಯ ಹತ್ತಿರ ಹೋಗಿ ಜೋಳ ಅಳೆಸಿಕೊಳ್ಳಬೇಕು. ನಗದು ಇಲ್ಲ, ಬಂಡವಾಳ ಕೂಡುವ ದಾರಿ ಇಲ್ಲ. ಪಂಪ್‌ಸೆಟ್ ಬಂದಾಗ ಬಾನಿ ಹೋಯಿತು. ಟ್ರ್ಯಾಕ್ಟರ್ ಬಂದಾಗ ಮಿಣಿ ಹೋಯಿತು. ರಬ್ಬರಿನ ಹವಾಯಿ ಬಂದಾಗ ಕೆರವು ಹೋಯಿತು. ಮೂರೂ ಒಂದೆರಡು ತಲೆಮಾರಿನಲ್ಲಿ.

ಹದ ಮಾಡುವುದೂ ಬದಲಾಯಿತು. ಹಳೇ ಪದ್ಧತಿಯಲ್ಲಿ ತೊಗಲನ್ನು ಸುಣ್ಣದಲ್ಲಿ ನೆನೆಸಿ, ಕೂದಲು ಕೆರೆದು, ಚೀಲದ ಹಾಗೆ ಹೊಲಿದು ತೂಗುಹಾಕಿ, ಅದರೊಳಗೆ ಜಾಲಿ ತೊಗಟೆ, ಅಳಲೆಕಾಯಿಯ ಕಷಾಯ ತುಂಬುತ್ತಾರೆ. ಕಷಾಯ ಚರ್ಮದ ಮೂಲಕ ಜಿನುಗಿ ಹನಿಹನಿಯಾಗಿ ಬೀಳುತ್ತದೆ. ಹಿಡಿದು ಮತ್ತೆ ತುಂಬಬೇಕು. ವಾರಗಟ್ಟಲೆ ಕೆಲಸ. 20ನೇ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷ್ ಎಂಜಿನಿಯರ್ ಆಲ್ಫ್ರೆಡ್ ಚಾಟರ್ಟನ್ ಮದ್ರಾಸಿನಲ್ಲಿ ಕ್ರೋಮ್ ಹದ, ಅಂದರೆ ತೊಗಟೆಯ ಬದಲು ಕ್ರೋಮಿಯಂ ಲವಣದ ಹದ, ತಂದರು. ಅದರಲ್ಲಿ ದಿನದೊಳಗೆ ಕೆಲಸ ಮುಗಿಯುತ್ತದೆ. ಆದರೆ ದೊಡ್ಡ ಪೀಪಾಯಿ ಬೇಕು, ರಾಸಾಯನಿಕ ಬೇಕು, ಬಹಳ ನೀರು ಬೇಕು. ಒಂದು ಕಿಲೋ ತೊಗಲಿಗೆ ಒಟ್ಟು 30, 40 ಲೀಟರ್ ನೀರು ಹಿಡಿಯುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ಕಾಯುವ ನಮ್ಮೂರಿಗೆ ಇದು ಎಲ್ಲಿಂದ? ಉಪ್ಪು ಸವರಿದ ತೊಗಲು ಲಾರಿ ಹತ್ತಿ ಹೊರಗೆ ಹೋಯಿತು. ತಮಿಳುನಾಡಿನ ಪಾಲಾರ್ ನದಿಯ ದಂಡೆಯ ಆಂಬೂರು, ವಾಣಿಯಂಬಾಡಿಯಲ್ಲಿ ಹದದ ಕಾರ್ಖಾನೆಗಳು ಬೆಳೆದವು. ಅವುಗಳ ಕೊಳೆ ನೀರಿನಿಂದ ಆ ನದಿಗೆ ಆದ ಗತಿಗೆ 1996ರಲ್ಲಿ ಸುಪ್ರೀಂ ಕೋರ್ಟೇ ತೀರ್ಪು ಕೊಡಬೇಕಾಯಿತು. ಭೀಮಾ ನದಿಗೆ ಅದು ತಪ್ಪಿತು ಅಂತ ಸಮಾಧಾನ ಪಡಬಹುದು, ಬಡತನದ ಸಮಾಧಾನ.

ಇನ್ನು ಬೂಟಿಗೂ ಚಪ್ಪಲಿಗೂ ಇರುವ ವ್ಯತ್ಯಾಸ. ಚಪ್ಪಲಿಗೆ ರಟ್ಟಿನ ಅಳತೆ ಇಟ್ಟು ಅಟ್ಟೆ ಕೊಯ್ದು, ಉಂಗುಟ, ಬಾರು ಹೊಲಿದರೆ ಆಯಿತು. ಮನೆಯ ಪಡಸಾಲೆಯೇ ಸಾಕು. ಬೂಟಿಗೆ ಫರ್ಮಾ ಬೇಕು, ಅಂದರೆ ಕಾಲಿನ ಆಕಾರದ ಅಚ್ಚು. ಎಡಕ್ಕೊಂದು, ಬಲಕ್ಕೊಂದು. ಹತ್ತು ಸೈಜ್ ಅಂದರೆ ಇಪ್ಪತ್ತು ಫರ್ಮಾ, ಅದೂ ಒಂದು ಮಾದರಿಗೆ ಒಂದು ಸೆಟ್ ಮಾತ್ರ. ಬೂಟು ಅಚ್ಚಿನ ಮೇಲೆ ಕೂತು ಆಕಾರ ಹಿಡಿಯುವ ತನಕ ಆ ಫರ್ಮಾ ಬೇರೆಯದಕ್ಕೆ ಸಿಗುವುದಿಲ್ಲ, ಹಾಗಾಗಿ ನೂರಾರು ಬೇಕು. ಮೇಲಿನ ಚರ್ಮ ಒಬ್ಬ ಕೊಯ್ಯುತ್ತಾನೆ, ಒಬ್ಬ ಹೊಲಿಯುತ್ತಾನೆ, ಒಬ್ಬ ಫರ್ಮಾ ಮೇಲೆ ಎಳೆದು ಕೂರಿಸುತ್ತಾನೆ, ಒಬ್ಬ ಅಟ್ಟೆ ಹಾಕುತ್ತಾನೆ. ಅಟ್ಟೆ, ಅಂಟು, ಲೇಸು, ಡಬ್ಬಿ ಮಾರುವವರು ಎಲ್ಲರೂ ಹತ್ತಿರ ಇರಬೇಕು. ಬೂಟಿನ ಊರು ಅಂದರೆ ನಿಜಕ್ಕೂ ಇಡೀ ಊರೇ. ಚೆಕ್ ದೇಶದ ಜ್ಲೀನ್ ಅನ್ನೋ ಸಣ್ಣ ಊರಿನಲ್ಲಿ 1894ರಲ್ಲಿ ಬಾಟಾ ಶುರುವಾಗಿ ಊರನ್ನೇ ಕಟ್ಟಿತು. ಅದೇ ಕಂಪನಿ 1930ರ ದಶಕದಲ್ಲಿ ಕಲ್ಕತ್ತಾ ಹತ್ತಿರ ಬಾಟಾನಗರ ಕಟ್ಟಿತು.

ಅಂಥದ್ದಕ್ಕೆ ಬೇಕಾದ ದುಡ್ಡು ನಮ್ಮೂರಿನಲ್ಲಿ ಇರಲಿಲ್ಲವಾ? ಇತ್ತು. ಗಂಜಿನಲ್ಲಿ ಇತ್ತು. ತೊಗರಿಗೆ, ಎಣ್ಣೆಗೆ, ಹತ್ತಿಗೆ ಧಾರಾಳವಾಗಿ ಹರಿಯಿತು. ಚರ್ಮ ಹದ ಮಾಡುವವರ ಓಣಿಗೆ ಬರಲಿಲ್ಲ. ಆ ಕೆಲಸಕ್ಕೆ ಮೈಲಿಗೆ ಅಂಟಿಸಿದ್ದರು. ಕೈಚಳಕ ಇದ್ದವರಿಗೆ ಸಾಲ ಸಿಗಲಿಲ್ಲ, ಸಾಲ ಸಿಗುವವರು ಆ ಕೆಲಸ ಮುಟ್ಟಲಿಲ್ಲ. ತೂಕದ ಲೆಕ್ಕ ಸೋಲುವುದು ಇಲ್ಲಿ. ಜಾಲಿ ತೊಗಟೆ, ತೊಗಲು, ಕೈ ಎಲ್ಲ ಒಂದೇ ಊರಲ್ಲಿದ್ದೂ ಕೂಡದಂತೆ ತಡೆದದ್ದು ಜಾತಿ ಅಂತಲೇ ನನ್ನ ಅನಿಸಿಕೆ. ನೀರಿನ ಕೊರತೆ ಎರಡನೆಯದು. ಉಳಿದ ಕಾರಣಗಳು ಆಮೇಲೆ.

ಸರ್ಕಾರ ಸುಮ್ನೆ ಕೂತಿರಲಿಲ್ಲ. 1976ರಲ್ಲಿ ರಾಜ್ಯ ಚರ್ಮ ಕೈಗಾರಿಕೆಗೆ ನಿಗಮ ಮಾಡಿತು, ಅದೇ ಇವತ್ತಿನ ಲಿಡ್ಕರ್. ಚರ್ಮದ ಬೂಟು 2001ರ ತನಕ ಸಣ್ಣ ಕೈಗಾರಿಕೆಗೇ ಮೀಸಲಿತ್ತು. ಆದರೆ ಮೀಸಲಿನ ಲಾಭ ಪಡೆದದ್ದು ಆಗಲೇ ಫರ್ಮಾ, ಅಟ್ಟೆ, ಅಂಟು ಎಲ್ಲ ಪಕ್ಕದಲ್ಲೇ ಇದ್ದ ಆಗ್ರಾ, ಆಂಬೂರಿನಂಥ ಊರುಗಳು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ನಮ್ಮ ರಾಜ್ಯದ ನಾಲ್ಕು: ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಆ ಕಡೆ ಸೊಲ್ಲಾಪುರ, ಈ ಕಡೆ ವಿಜಯಪುರ, ಎರಡೂ ನಮ್ಮ ಜಿಲ್ಲೆಯ ಗಡಿಗೆ ತಾಗಿದ ಜಿಲ್ಲೆಗಳು. ಗುರುತು ನಮ್ಮ ಗಡಿಗೆ ಬಂದು ನಿಂತಿದೆ. ತೊಗರಿಗೆ ಗುರುತು ಸಿಕ್ಕ ವರ್ಷವೂ ಅದೇ.

ಈಗ ನೂಲಿನ ಮಾತು ಮತ್ತೆ ಬಂದಿದೆ. 2023ರಲ್ಲಿ ಕೇಂದ್ರ ಸರ್ಕಾರ ದೇಶದಲ್ಲಿ ಏಳು ಕಡೆ ಪಿಎಂ ಮಿತ್ರ ಜವಳಿ ಪಾರ್ಕ್ ಘೋಷಿಸಿತು, ಒಂದು ಕಲಬುರಗಿಗೆ. ನೂಲಿನಿಂದ ಸಿದ್ಧ ಉಡುಪಿನ ತನಕ ಒಂದೇ ಕಡೆ ಅನ್ನೋದು ಯೋಜನೆ. ಹುಡುಗಿ ಕೇಳಿದಳು, ಈ ಸಲ ನಿಲ್ತದಾ ಅಂತ. ನೂಲಿನ ಭಾಗವನ್ನು ತೂಕದ ಲೆಕ್ಕ ಇಲ್ಲಿ ಹಿಡಿದಿಡುವುದಿಲ್ಲ, ಅದು ಆಗಲೂ ಹಿಡಿಯಲಿಲ್ಲ. ಹೊಲಿಗೆಯ ಭಾಗ ಬೇರೆ, ಅದು ಕೈ ಇರುವ ಕಡೆ ಹೋಗುತ್ತದೆ. ದುಡಿಯಲು ಪುಣೆ, ಹೈದರಾಬಾದ್, ಬೆಂಗಳೂರು ಬಸ್ಸು ಹತ್ತುವ ಕೈಗಳು ನಮ್ಮಲ್ಲಿ ಬೇಕಾದಷ್ಟಿವೆ. ಆ ಕೈಗಳಿಗೆ ಕೊಡುವ ಕೂಲಿ ಎಷ್ಟು ಅನ್ನೋದನ್ನು ನೋಡಬೇಕು.

ಸೂಪರ್ ಮಾರ್ಕೆಟ್ ಹತ್ತಿರದ ಅಜ್ಜ ಅವತ್ತು ಎರಡೂ ಚಪ್ಪಲಿಯ ಸುತ್ತ ಹೊಲಿಗೆ ಹಾಕಿದ. ಹರಿದಿದ್ದು ಒಂದೇ ಆದರೂ, "ಇದೂ ನಾಳೆ ಬಿಡ್ತದ" ಅಂದ. ಮೂವತ್ತು ರೂಪಾಯಿ ಕೇಳಿದ. ಮಕ್ಕಳು ಏನು ಮಾಡ್ತಾರ ಅಂದೆ. ಒಬ್ಬ ದಾಲ್ ಮಿಲ್ಲಿನಲ್ಲಿ ಹಮಾಲಿ, ಒಬ್ಬ ಪುಣೆಯಲ್ಲಿ ಬೂಟಿನ ಶೋರೂಮಿನಲ್ಲಿ. "ಅವ ಮಾರ್ತಾನ್ರಿ, ಹೊಲಿಯಾಕ ಬರಂಗಿಲ್ಲ" ಅಂದು ನಕ್ಕ. ಬೇಸಿಗೆ ಮುಗಿದು ಮಳೆ ಬಂತು, ಆ ಹೊಲಿಗೆ ಇನ್ನೂ ಬಿಟ್ಟಿಲ್ಲ.